ನನ್ನನ್ನು ಮಾತ್ರ ಕೇಳದವಳು

ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ, ಈ ಪತ್ರಿಕೆ ಅಚ್ಚು ಹಾಕಿಸುವವರಿಗೇ ನೇರವಾಗಿ ಫೋನ್ ಮಾಡಿ, "ನನ್ನ ವಿಷಯ ಬಂದದ್ದಲ್ವಾ, ಸ್ವಲ್ಪ ಜಾಸ್ತಿ ಪ್ರತಿ ಕೊಡಿ ಮಾರಾಯ್ರೆ, ಗಿರಾಕಿಗಳಿಗೆ ಹಂಚ್ಲಿಕ್ಕೆ ಆಗ್ತದೆ" ಎಂದು ಕೇಳಿ ತರಿಸಿಕೊಳ್ಳುತ್ತಾಳೆ. ಕೇಳುವುದಕ್ಕೆ ಅವಳಿಗೆ ಯಾವತ್ತೂ ಸಂಕೋಚವಿಲ್ಲ. ನನ್ನನ್ನು ಮಾತ್ರ ಎಷ್ಟೋ ವರ್ಷ ಏನೂ ಕೇಳಿರಲಿಲ್ಲ.

ಹೋದ ತಿಂಗಳು ಮೆಲ್ಬರ್ನ್‌ನ ಟ್ರುಗನಿನಾದಿಂದ ಅವಳ ಮಗಳು ಫೋನ್ ಮಾಡಿದ್ದಳು. ಅಮ್ಮನ ಬೆರಳಿನ ಗಂಟುಗಳೆಲ್ಲ ಊದಿಕೊಂಡಿವೆ, ಇನ್ನು ಹೂ ಕಟ್ಟುವ ಕೆಲಸ ಬೇಡವೇ ಬೇಡ ಎಂದು ಡಾಕ್ಟರು ಹೇಳಿದ್ದಾರೆ, ವ್ಯಾಪಾರ ಈಗ ನಾನೇ ನೋಡಿಕೊಳ್ಳುತ್ತಿದ್ದೇನೆ ಎಂದಳು. ನಾನು ದೇವರ ಮುಂದೆ ದೀಪಕ್ಕೆ ಬತ್ತಿ ಹಾಕುತ್ತಿದ್ದೆ. "ಅಯ್ಯೋ ಪಾಪ" ಎಂದು ಬಾಯಲ್ಲಿ ಬಂತು. ಅದರ ಹಿಂದೆಯೇ, ಆ ಬೆರಳುಗಳನ್ನು ನೋಡಿ ನಾನು ಎಷ್ಟು ವರ್ಷ ಹೊಟ್ಟೆ ಉರಿಸಿಕೊಂಡಿದ್ದೆ ಅನ್ನುವುದೂ ನೆನಪಾಯಿತು.

ಆಗ ನಾವಿದ್ದದ್ದು ಸಿಡ್ನಿಯ ಪ್ಯಾರಮಟ್ಟಾದಲ್ಲಿ, ರೈಲು ಹಳಿಯ ಪಕ್ಕದ ಒಂದು ಕೆಂಪು ಇಟ್ಟಿಗೆಯ ಕಟ್ಟಡದ ಮೇಲಿನ ಮಹಡಿಯಲ್ಲಿ. ಲಿಫ್ಟ್ ಇರಲಿಲ್ಲ, ಆದರೆ ಬಾಲ್ಕನಿಗೆ ಬೆಳಗಿನ ಬಿಸಿಲು ಬರುತ್ತಿತ್ತು, ತುಳಸಿ ಚಳಿಗಾಲ ದಾಟಿತ್ತು. ಇಂಥದ್ದನ್ನೆಲ್ಲ ಎಣಿಸಿಕೊಂಡು ದೇವರಿಗೆ ಕೈಮುಗಿಯುವುದು ನನ್ನ ಅಭ್ಯಾಸ. ನಮ್ಮವರು ಯಾರ ಮನೆಯಲ್ಲಿ ಸತ್ಯನಾರಾಯಣ ಪೂಜೆ ಮಾಡಲಿ, ಸೀಮಂತ ಮಾಡಲಿ, ಹೂ ಕಟ್ಟಿಕೊಡುವವಳು ನಾನೇ. ಮೈಸೂರಿನಲ್ಲಿ ಅಜ್ಜಿ ಕಲಿಸಿದ ಕೆಲಸ. ಸೇವಂತಿಗೆಯನ್ನೋ ಗುಲಾಬಿಯನ್ನೋ ತಂದುಕೊಟ್ಟರೆ ಸಾಕು, ಮಾರುಗಟ್ಟಲೆ ಕಟ್ಟಿಕೊಡುತ್ತಿದ್ದೆ. ಕಾಸು ತೆಗೆದುಕೊಳ್ಳುತ್ತಿರಲಿಲ್ಲ, ದೇವರ ಕೆಲಸ. ಪೂಜೆಯ ದಿನ ಎಲ್ಲರ ಮುಂದೆ "ಹೂವೆಲ್ಲ ಇವರದೇ ಕೈ" ಎನ್ನುತ್ತಿದ್ದರಲ್ಲ, ನನಗೆ ಅಷ್ಟು ಸಾಕಿತ್ತು. ಈ ಪರದೇಶದಲ್ಲಿ ಒಂದು ವಿಷಯಕ್ಕಾದರೂ ಜನ ನನ್ನನ್ನು ಕೇಳಿಕೊಂಡು ಬರುತ್ತಾರೆ ಅನ್ನುವುದು ಸಣ್ಣ ಭಾಗ್ಯವೇನಲ್ಲ.

ಅವಳು ನಮ್ಮ ಎದುರು ಮನೆಗೆ ಬಂದದ್ದು ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ. ಉಡುಪಿ ಕಡೆಯವರು, ಮನೆಮಾತು ತುಳು. ಗಂಡ ಕಂಪ್ಯೂಟರ್ ಕೆಲಸಕ್ಕೆಂದು ಬಂದವನು, ಬಂದ ಸ್ವಲ್ಪ ದಿನಕ್ಕೇ ಕಂಪನಿ ಮುಚ್ಚಿ ಮನೆಯಲ್ಲಿ ಕೂತಿದ್ದ. ನಾನು ಬಾಗಿಲು ತೆರೆದಿಟ್ಟುಕೊಂಡು ಹೂ ಕಟ್ಟುತ್ತಿದ್ದೆ. ಅವಳು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು, ಚಾಪೆಯ ಇನ್ನೊಂದು ತುದಿಯಲ್ಲಿ ಕೂತು, ತಾನೂ ಒಂದು ಹಿಡಿ ಹೂ ಎಳೆದುಕೊಂಡಳು.

"ನೀವು ದಾರದಲ್ಲಿ ಕಟ್ಟುವುದಾ ಅಕ್ಕಾ?"

"ಮತ್ತೆ ಇನ್ಯಾವುದರಲ್ಲಿ ಕಟ್ತಾರೆ?"

"ನಮ್ಮಲ್ಲಿ ಬಾಳೆನಾರು. ನೀರಲ್ಲಿ ನೆನೆಸಿ ಸೀಳುವುದು. ಹೂವಿಗೆ ತಂಪು. ದಾರ ಹೂವಿನ ಕುತ್ತಿಗೆ ಕುಯ್ತದೆ ಅಲ್ವಾ?"

ಕುತ್ತಿಗೆ ಕುಯ್ಯುತ್ತದಂತೆ! ಅವಳ ಬೆರಳುಗಳನ್ನೇ ನೋಡುತ್ತಿದ್ದೆ. ನಾನು ಒಂದು ಗಂಟು ಹಾಕುವಷ್ಟರಲ್ಲಿ ಅವಳು ಮುಂದೆ ಹೋಗಿರುತ್ತಿದ್ದಳು. ಕಣ್ಣು ಹೂವಿನ ಮೇಲಿರಲಿಲ್ಲ, ನನ್ನ ಮುಖ ನೋಡಿ ಮಾತಾಡುತ್ತಲೇ ಕಟ್ಟುತ್ತಿದ್ದಳು. ಆದರೂ ಒಂದು ಹೂವೂ ಮುಖ ತಿರುಗಿಸುತ್ತಿರಲಿಲ್ಲ. ಸಂಜೆ ನಾನು ಕಟ್ಟಿದ್ದನ್ನೂ ಅವಳು ಕಟ್ಟಿದ್ದನ್ನೂ ಸೇರಿಸಿ ಕಳಶಕ್ಕೆ ಹಾಕಿದೆ. ಮಾರನೆಯ ದಿನ ಅರಿಶಿನ ಕುಂಕುಮಕ್ಕೆ ಬಂದವರೆಲ್ಲ ಬಗ್ಗಿ ನೋಡಿದ್ದು ಅವಳ ತುಂಡನ್ನೇ.

ಆಗಸ್ಟ್ ಕೊನೆಗೆ ಇಲ್ಲಿಯ ಬೇಲಿಗಳ ಮೇಲೆಲ್ಲ ಒಂದು ಜಾತಿಯ ಮಲ್ಲಿಗೆ ಬಳ್ಳಿ ಹಬ್ಬಿ ಹೂ ಬಿಡುತ್ತದೆ. ಮೊಗ್ಗು ಗುಲಾಬಿ ಬಣ್ಣ, ಬಿರಿದರೆ ಬಿಳಿ. ಇಲ್ಲಿಯವರಿಗೆ ಅದು ಕಳೆ. ದೇವರೇ, ಇಷ್ಟು ಪರಿಮಳವನ್ನು ಪುಕ್ಕಟೆ ಕೊಟ್ಟೆಯಲ್ಲ ಎಂದು ಆ ಬೇಲಿಗಳ ಮುಂದೆ ನಾನು ಎಷ್ಟೋ ವರ್ಷ ನಡೆದುಹೋಗಿದ್ದೇನೆ. ಅವಳು ಕಂಡ ಮೊದಲ ದಿನವೇ ಗೇಟು ತಳ್ಳಿಕೊಂಡು ಹೋಗಿ ಬಾಗಿಲು ಬಡಿದಳು. ಒಬ್ಬ ಮುದುಕಿ ಹೊರಗೆ ಬಂದಳು. ಇವಳ ಇಂಗ್ಲಿಷು ಆಗ ಅಷ್ಟಕ್ಕಷ್ಟೆ. ಹೂ ಬೇಕು, ದೇವರಿಗೆ, ನಿಮ್ಮ ಬೇಲಿ ನಾನು ಕ್ಲೀನ್ ಮಾಡಿಕೊಡುತ್ತೇನೆ ಎಂದು ಅರ್ಧ ಮಾತಿನಲ್ಲಿ, ಅರ್ಧ ಕೈಯಲ್ಲಿ ಹೇಳಿದಳು. ಮುದುಕಿ ಕತ್ತರಿ ಕೊಟ್ಟಳು, ಏಣಿ ಕೊಟ್ಟಳು, ಕೊನೆಗೆ ಟೀ ಕೊಟ್ಟಳು. ನಾನು ಫುಟ್‌ಪಾತಿನಲ್ಲಿ ಇವಳು ಯಾರೋ ನನಗೆ ಗೊತ್ತೇ ಇಲ್ಲ ಎನ್ನುವ ಹಾಗೆ ಆಚೆ ನೋಡುತ್ತ ನಿಂತಿದ್ದೆ.

ಅದೇ ಬೀದಿಯ ಇನ್ನೊಬ್ಬ "ಗೋ ಅವೇ" ಎಂದು ಮುಖದ ಮೇಲೆ ಬಾಗಿಲು ಹಾಕಿಕೊಂಡ. ನನಗೆ ಹಾಗೆ ಮಾಡಿದ್ದರೆ ವಾರವೆಲ್ಲ ಊಟ ಸೇರುತ್ತಿರಲಿಲ್ಲ. ಅವಳು "ಆಯ್ತು, ಇವರದ್ದು ಇಲ್ಲ" ಎಂದು ಪಕ್ಕದ ಗೇಟಿಗೆ ಕೈಹಾಕಿದಳು. ಬಾಳೆನಾರಿಗೂ ಹಾಗೆಯೇ. ಹಿತ್ತಲಲ್ಲಿ ಬಾಳೆ ಬೆಳೆಸಿದ್ದ ಟೋಂಗಾ ದೇಶದವನೊಬ್ಬನನ್ನು ಹುಡುಕಿ, ಗೊನೆ ಕಡಿದ ಗಿಡ ನನಗಿರಲಿ ಎಂದು ಕೇಳಿ ಹೊತ್ತು ತಂದಳು.

"ಕೇಳಿದ್ರೆ ಎಂತ ಹೋಗ್ತದೆ ಅಕ್ಕಾ? ಇಲ್ಲ ಅಂದ್ರೆ ಇಲ್ಲ. ಹೌದು ಅಂದ್ರೆ ಒಂದು ಮಾಲೆ."

ಮರ್ಯಾದೆ ಹೋಗುತ್ತದೆ ಕಣೇ ಎನ್ನಬೇಕೆನಿಸಿತು.

ಗಂಡನಿಗೆ ಕೆಲಸ ಸಿಗುವ ಲಕ್ಷಣ ಕಾಣದಾಗ, ಹೂವನ್ನೇ ವ್ಯಾಪಾರ ಮಾಡುತ್ತೇನೆ ಎಂದಳು. ಸಣ್ಣ ವ್ಯಾಪಾರ ಶುರುಮಾಡುವವರಿಗೆ ಪುಕ್ಕಟೆ ಸಲಹೆ ಕೊಡಲು ಲೈಬ್ರರಿಯಲ್ಲಿ ವಾರಕ್ಕೊಮ್ಮೆ ಒಬ್ಬರು ಕೂರುತ್ತಾರೆ ಎಂದು ಎಲ್ಲಿಂದಲೋ ಪತ್ತೆ ಮಾಡಿಕೊಂಡು ಬಂದಳು. ಆ ಲೈಬ್ರರಿಗೆ ನನ್ನ ಮಗಳ ಕಥೆಪುಸ್ತಕಕ್ಕೆಂದು ನಾನು ಹೋಗದ ವಾರವಿಲ್ಲ, ಆ ಬೋರ್ಡು ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. ಬಿದ್ದಿದ್ದರೂ ಅದು ನನಗಲ್ಲ ಎಂದುಕೊಂಡು ಮುಂದೆ ಹೋಗಿರುತ್ತಿದ್ದೆ. "ನಂದೂ ಪುಸ್ತಕ ವಾಪಸ್ ಕೊಡೋದಿದೆ" ಎಂದು ಅವಳ ಜೊತೆ ಬಸ್ಸು ಹತ್ತಿದೆ. ಪುಸ್ತಕ ಯಾವುದೂ ಇರಲಿಲ್ಲ. ಅಲ್ಲಾದರೂ ಅವಳಿಗೆ ಆಗುವುದಿಲ್ಲ ಎಂದು ಹೇಳಿ ಕಳಿಸುತ್ತಾರೋ ಏನೋ ನೋಡಬೇಕಿತ್ತು.

ಸಲಹೆಗಾರ ಬಿಳಿ ಮೀಸೆಯ ಮುದುಕ. ಹಿಂದೆ ತಾನೂ ಅಂಗಡಿ ಇಟ್ಟಿದ್ದವನಂತೆ. ಅವನು ಏನು ಎತ್ತ ಎಂದು ಕೇಳುವ ಮೊದಲೇ ಅವಳು ಚೀಲದಿಂದ ಚೆಂಡಿನ ಹಾಗೆ ಸುತ್ತಿದ ಒಂದು ಮಾಲೆ ತೆಗೆದು ಅವನ ಮೇಜಿನ ಮೇಲಿಟ್ಟಳು. ಅವನು ಅದನ್ನೆತ್ತಿ ಮೂಸಿದ. ಮೂಸಿದ ಹೂ ಇನ್ನು ದೇವರಿಗಿಲ್ಲವಲ್ಲ ಎಂದು ನನ್ನ ಜೀವ ಚುರ್ ಎಂದಿತು.

"ಇದನ್ನು ಯಾರು ಕೊಳ್ಳುತ್ತಾರೆ?" ಎಂದ.

"ದೇವರ ಫೋಟೋ ಇರುವ ಮನೆಯವರೆಲ್ಲ."

"ಅಂಥ ಮನೆಗಳು ಎಷ್ಟಿವೆ?"

"ಗೊತ್ತಿಲ್ಲ ಸರ್. ತಿಳ್ಕೊಳ್ಳುವುದು ಹೇಗೆ ಅಂತ ನೀವೇ ಹೇಳಿ."

ಅವನು ನಕ್ಕು ಪೆನ್ನು ಕೈಗೆತ್ತಿಕೊಂಡ. "ಸರಿ. ನಿನ್ನ ಪ್ರತಿಸ್ಪರ್ಧಿ ಯಾರು? ಈಗ ಈ ಕೆಲಸ ಯಾರು ಮಾಡುತ್ತಿದ್ದಾರೆ?"

ಅವಳು ಹಿಂದೆ ತಿರುಗಿ, ಮಕ್ಕಳ ಪುಸ್ತಕದ ಕಪಾಟಿನ ಮರೆಯಲ್ಲಿ ನಿಂತಿದ್ದ ನನ್ನ ಕಡೆ ಕೈತೋರಿಸಿದಳು. "ಇವರು. ನಮ್ಮ ಅಕ್ಕ. ಇವರು ಪುಕ್ಕಟೆ ಮಾಡ್ತಾರೆ."

ಮುದುಕ ಕನ್ನಡಕ ಸರಿಮಾಡಿಕೊಂಡು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಹಾಗಾದರೆ ಬಹಳ ಕಷ್ಟವಿದೆ ನಿನಗೆ" ಎಂದ ಅವಳಿಗೆ.

ಭೂಮಿಗಿಳಿದುಹೋಗುತ್ತೇನೆ ಅನ್ನಿಸಿತು. ಆದರೂ ಒಂದು ಮಾತು ಹೇಳಬೇಕು, ಈ ದೇಶದಲ್ಲಿ ಆಫೀಸಿನ ಮೇಜಿನ ಹಿಂದೆ ಕೂತ ಒಬ್ಬ ಮನುಷ್ಯ ನನ್ನನ್ನು ಅಷ್ಟು ಗಂಭೀರವಾಗಿ ನೋಡಿದ್ದು ಅದೊಂದೇ ಸಲ. ಬಸ್ಸಿನಲ್ಲಿ ಒಳಗೊಳಗೇ ಉಬ್ಬಿದೆ. ಮನೆ ಮುಟ್ಟುವ ಹೊತ್ತಿಗೆ ಉಬ್ಬಿದ್ದೆಲ್ಲ ಇಳಿದಿತ್ತು. ಆ ಮುದುಕ ಅವಳಿಗೆ ಎಬಿಎನ್ ಎನ್ನುವ ವ್ಯಾಪಾರದ ನಂಬರು ತೆಗೆಸಿಕೊಡಲು ಒಪ್ಪಿದ್ದ, ವಲಸೆ ಬಂದ ಹೆಂಗಸರಿಗೆ ವ್ಯಾಪಾರದ ಲೆಕ್ಕ ಕಲಿಸುವ ಕ್ಲಾಸಿಗೆ ಸೇರಿಸಿದ್ದ, ಹೋಲ್‌ಸೇಲ್ ಹೂವಿನ ಮಾರ್ಕೆಟ್ಟಿನಲ್ಲಿ ಯಾರನ್ನು ಹೋಗಿ ಕಾಣಬೇಕೆಂದು ಹೇಳಿಕೊಟ್ಟಿದ್ದ. ನನಗೆ ಸಿಕ್ಕಿದ್ದು ಪ್ರತಿಸ್ಪರ್ಧಿ ಎನ್ನುವ ಬಿರುದು.

ಆಮೇಲೆ ಅವಳು ಕೇಳದೆ ಬಿಟ್ಟವರಿಲ್ಲ. ಮ್ಯಾಕ್ವೆರಿ ಪಾರ್ಕಿನ ಆಫೀಸಿನಿಂದ ಕಾರು ಓಡಿಸಿಕೊಂಡು ಸುಸ್ತಾಗಿ ಬಂದು, ನನ್ನ ಜೊತೆ ನಾಲ್ಕು ಮಾತಾಡಲೂ ತ್ರಾಣವಿಲ್ಲದ ನಮ್ಮ ಯಜಮಾನರು, ಅವಳಿಗೂ ಅವಳ ಗಂಡನಿಗೂ ಇಲ್ಲಿಯ ತೆರಿಗೆ, ಬಿಲ್ಲಿನ ಲೆಕ್ಕ ಹೇಳಿಕೊಡಲು ಹೋಗಿ ಕೂತರು.

"ತುಂಬಾ ಚುರುಕು ಕಣೇ ಆಕೆ" ಎಂದರು ಬಂದು.

"ಹೌದು. ನಾನು ಮಂಕು" ಎಂದೆ.

"ಹಾಗಂದ್ನಾ ನಾನು?"

ಇನ್ನು ನನ್ನ ಮಗಳು. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು. ಶನಿವಾರ ಎದುರು ಮನೆಗೆ ಹೋಗಿ ಹೂ ಬಿಡಿಸಿಕೊಡುತ್ತ ಕೂರುವುದನ್ನು ರೂಢಿ ಮಾಡಿಕೊಂಡಳು. ಒಂದು ದಿನ ತೆರೆದ ಬಾಗಿಲಿನಿಂದ ನನಗೆ ಕೇಳಿಸುತ್ತದೆ: "ಆಂಟಿ, ಇಷ್ಟು ಸಾಕಾ? ಇನ್ನೂ ಬೇಕಾ?" ಅಚ್ಚ ಕನ್ನಡ! ನಾನು ಗೋಗರೆದರೂ ಬಾರದ ಕನ್ನಡ. ಮನೆಗೆ ಬಂದಮೇಲೆ, "ಯಾಕೇ, ನನ್ನ ಹತ್ರ ಹಾಗೆ ಮಾತಾಡಿದ್ರೆ ಏನಾಗತ್ತೆ ನಿಂಗೆ?" ಎಂದೆ. "ಅಮ್ಮ, ಯು ನೆವರ್ ಆಸ್ಕ್ ಮಿ ಟು ಹೆಲ್ಪ್" ಎಂದು ತನ್ನ ಕೋಣೆಗೆ ಹೋದಳು.

ಪೂಜೆಗಳ ಹೂವೆಲ್ಲ ಅವಳ ಕಡೆಗೆ ಹರಿಯಿತು. "ನಿಮಗ್ಯಾಕೆ ಸುಮ್ನೆ ತೊಂದ್ರೆ? ಆಕೆಗೆ ಒಂದು ಫೋನ್ ಮಾಡಿದ್ರೆ ಬಾಗಿಲಿಗೂ ಕಟ್ಟಿ ಹೋಗ್ತಾರೆ" ಎಂದರು ಜನ. ನನಗೆ ತೊಂದರೆ ಎಂದು ಅವರಿಗೆ ಹೇಳಿದವರು ಯಾರು? ಪೂಜೆಯ ಮನೆಗಳಲ್ಲಿ ನಾನು ಈಗ ಕೋಸಂಬರಿ ತಿಂದು ಹೋಗುವ ಇನ್ನೊಬ್ಬ ಆಂಟಿ.

ಇಷ್ಟಾದರೂ ಶುಕ್ರವಾರ ಬೆಳಗ್ಗೆ ಬಾಗಿಲು ತೆರೆದರೆ ನಮ್ಮ ಬಾಗಿಲ ಹಿಡಿಗೆ ಒಂದು ಮೊಳ ಹೂ ತೂಗುತ್ತಿರುತ್ತಿತ್ತು. ನಾನು ಕೇಳಿದ್ದಲ್ಲ, ಅವಳು ಹೇಳಿದ್ದೂ ಅಲ್ಲ. ಅದನ್ನು ದೇವರಿಗೆ ಹಾಕಿ, ಅವಳಿಗೂ ಒಳ್ಳೆಯದು ಮಾಡಮ್ಮ ತಾಯಿ ಎಂದು ಹಲ್ಲು ಕಚ್ಚಿಕೊಂಡು ಬೇಡುತ್ತಿದ್ದೆ.

ಹೀಗಿರುವಾಗ ಒಂದು ಮಧ್ಯಾಹ್ನ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ಅವಳನ್ನು ಕಂಡೆ. ಮಾಂಸದ ಅಂಗಡಿಯ ಹಿಂಬಾಗಿಲಿನಿಂದ ಹೂವಿನ ಡಬ್ಬ ಹೊತ್ತು ಹೊರಗೆ ಬರುತ್ತಿದ್ದಳು. ನನ್ನನ್ನು ಕಂಡದ್ದೇ "ಅಕ್ಕಾ, ಬನ್ನಿ ಬನ್ನಿ" ಎಂದು ಕೂಗಿ ಒಳಗಿನ ಕೋಣೆಯ ಬಾಗಿಲು ಎಳೆದು ತೋರಿಸಿದಳು. ಮಾಂಸ ಕೆಡದಂತೆ ಇಡುವ ತಣ್ಣನೆಯ ಕೋಣೆ. ಅಂಗಡಿಯವನ ಹತ್ತಿರ ಎರಡಿತ್ತಂತೆ, ಒಂದು ಖಾಲಿ ಬಿದ್ದಿತ್ತಂತೆ, ಇವಳು ಕೇಳಿದಳಂತೆ, ಅವನು ತೊಳೆದು ಕೊಟ್ಟನಂತೆ. ಮೇಲೆ ಉದ್ದಕ್ಕೂ ಕಬ್ಬಿಣದ ಕೊಕ್ಕೆಗಳು. ಆ ಕೊಕ್ಕೆಗಳಿಗೆ ಸೇವಂತಿಗೆಯ ಮಾಲೆಗಳು, ಯಾರದೋ ಮದುವೆಯ ಜೋಡಿ ಗುಲಾಬಿ ಹಾರ.

"ಎಷ್ಟು ತಂಪು ನೋಡಿ! ವಾರ ಇಟ್ರೂ ಬಾಡುವುದಿಲ್ಲ."

"ದೇವರ ಹೂ ಕಣೇ ಇದು!"

"ಹೌದಲ್ಲ. ಅದಕ್ಕೇ ಬಾಡ್ಬಾರ್ದು."

ಅಂದಿನಿಂದ ಶುಕ್ರವಾರದ ಹೂವನ್ನು ದೇವರಿಗೆ ಹಾಕಲು ನನಗೆ ಕೈಬರಲಿಲ್ಲ. ಅಂಥ ಹೂವನ್ನು ಎಸೆಯಲೂ ಮನಸ್ಸು ಬರಲಿಲ್ಲ. ನಾನೇ ಮುಡಿದುಕೊಂಡೆ. ಸಂಜೆಯವರೆಗೂ ತಲೆಯಲ್ಲಿ ಘಮ್ ಎನ್ನುತ್ತ, ಅವಳನ್ನು ಮರೆಯಲೇ ಬಿಡುತ್ತಿರಲಿಲ್ಲ.

ದೇವಸ್ಥಾನಕ್ಕೆ ಆಗೀಗ ಹಾರ ಕಟ್ಟಿಕೊಡುತ್ತಿದ್ದಳು. ವರ್ಷವಿಡೀ ಅವಳಿಂದಲೇ ತರಿಸಿಕೊಳ್ಳುವ ಮಾತು ಕಮಿಟಿಯಲ್ಲಿ ನಡೆದಿತ್ತು. ಅದು ಸಿಕ್ಕರೆ ಅವಳ ವ್ಯಾಪಾರ ಬೇರು ಬಿಡುತ್ತದೆ, ತಪ್ಪಿದರೆ ಅಂಗಡಿ ಎತ್ತುವುದೇ ಎಂದು ಅವಳ ಗಂಡ ನಮ್ಮ ಯಜಮಾನರ ಹತ್ತಿರ ಹೇಳಿದ್ದ. ಕಮಿಟಿಯಲ್ಲಿ ಮಾತು ನಡೆಯುವುದು ಬೆಂಗಳೂರಿನ ಡಾಕ್ಟರ್ ಆಂಟಿಯದು. ಆಸ್ಪತ್ರೆಯಿಂದ ನಿವೃತ್ತರಾದಮೇಲೆ ದೇವಸ್ಥಾನವನ್ನೇ ವಾರ್ಡಿನ ಹಾಗೆ ನಡೆಸುತ್ತಿದ್ದರು. ಒಂದು ದಿನ ಪ್ರಸಾದದ ಹೊತ್ತಿನಲ್ಲಿ ನನ್ನನ್ನು ಪಕ್ಕಕ್ಕೆ ಕರೆದರು.

"ನೋಡಮ್ಮ, ನೀನು ಮಡಿ ಹುಡಿ ಎಲ್ಲ ಗೊತ್ತಿರೋಳು. ಆಕೆಯ ಎದುರು ಮನೇಲೇ ಇದೀಯ. ಹೂವೆಲ್ಲ ಎಲ್ಲಿಡ್ತಾಳೆ ಆಕೆ? ಶುದ್ಧವಾಗಿ ತಾನೆ?"

ನಾಲಿಗೆಯ ತುದಿಗೆ ಆ ಕೊಕ್ಕೆಗಳು ಬಂದು ನಿಂತವು. ಒಂದೇ ಒಂದು ಮಾತು. ಸುಳ್ಳೂ ಅಲ್ಲ. ಅದನ್ನು ಆಡಿದರೆ ಹೂವೆಲ್ಲ ಮತ್ತೆ ನನ್ನ ಚಾಪೆಗೆ ಬರುತ್ತದೆ. ಗರ್ಭಗುಡಿಯಿಂದ ದೇವರು ನೋಡುತ್ತಿದ್ದ, ಅವನ ಕೊರಳಲ್ಲಿ ಅವಳದೇ ಹಾರ, ಬಿಗಿಯಾಗಿ, ಒಂದು ಹೂವೂ ಮುಖ ತಿರುಗಿಸದೆ.

"ಅವಳನ್ನೇ ಕೇಳಿ ಆಂಟಿ" ಎಂದೆ. ನನ್ನ ಒಳ್ಳೆಯತನ ಎಂದುಕೊಳ್ಳಬೇಡಿ. ಅವಳ ಬಾಯಿಂದಲೇ ಬರಲಿ, ಅವಳು ತಡವರಿಸುವುದನ್ನು ಒಂದು ಸಲವಾದರೂ ನೋಡೋಣ ಎಂದು.

ಚಪ್ಪಲಿ ಬಿಡುವ ಜಾಗದಲ್ಲಿದ್ದವಳನ್ನು ಕರೆದು ಕೇಳಿದರು. "ಬುಚರ್ ಅಂಗಡಿಯಲ್ಲಿ ಆಂಟಿ" ಎಂದಳು, ಹಾಲಿನ ಅಂಗಡಿಯಲ್ಲಿ ಎಂದ ಹಾಗೆ.

ಡಾಕ್ಟರ್ ಆಂಟಿಯ ಚಮಚದಿಂದ ಪೊಂಗಲ್ ಸೀರೆಯ ಮೇಲೆ ಬಿತ್ತು. "ಏನಂದೆ?"

"ತಂಪು ಕೋಣೆ ಬೇರೆ ಎಲ್ಲಿಯೂ ಸಿಗ್ಲಿಲ್ಲ ಆಂಟಿ. ಹೂವಿನ ಅಂಗಡಿಯವರನ್ನು ಕೇಳಿದೆ, ಹಣ್ಣಿನ ಅಂಗಡಿಯವರನ್ನು ಕೇಳಿದೆ, ಎಲ್ಲ ಇಲ್ಲ ಅಂದ್ರು. ಅವನೊಬ್ಬ ಕೊಟ್ಟದ್ದು. ನಿಮಗೆ ಅದು ಆಗುವುದಿಲ್ಲ ಅಲ್ವಾ? ಆಗದಿದ್ರೆ ಇಲ್ಲಿ ಅಡುಗೆಮನೆಯ ಹಿಂದೆ ಒಂದು ದೊಡ್ಡ ಫ್ರಿಜ್ ಉಂಟಲ್ಲ, ಹಬ್ಬಕ್ಕೆ ಮಾತ್ರ ಹಾಕುವುದು, ಅದನ್ನು ನನಗೆ ಕೊಡಿ."

ಡಾಕ್ಟರ್ ಆಂಟಿ ಅವಳನ್ನು ನೋಡಿದರು, ನನ್ನನ್ನು ನೋಡಿದರು, ಸೀರೆಯ ಮೇಲಿನ ಪೊಂಗಲ್ ನೋಡಿದರು.

"ಕರೆಂಟ್ ಬಿಲ್ಲು ಯಾರಮ್ಮ ಕಟ್ತಾರೆ?"

"ಅರ್ಧ ನಾನು ಕೊಡುವಾ."

ಅಷ್ಟೇ. ಮುಗಿಯಿತು. ಮುಂದಿನ ವಾರದಿಂದ ಅವಳ ಹೂವು ದೇವರ ಫ್ರಿಜ್ಜಿನಲ್ಲೇ. ನಾನು ಸೆರಗಿನಲ್ಲಿ ಕೆಂಡ ಕಟ್ಟಿಕೊಂಡ ಹಾಗೆ ಹೊತ್ತು ತಿರುಗುತ್ತಿದ್ದ ಗುಟ್ಟನ್ನು ಅವಳು ಎಲ್ಲರೆದುರು ಬಾಯಿಬಿಟ್ಟು ಹೇಳಿ, ಅದರ ಬದಲಿಗೆ ಒಂದು ಫ್ರಿಜ್ ಪಡೆದುಕೊಂಡು ಹೋದಳು. ಆ ದಿನದ ನನ್ನ ಹೊಟ್ಟೆಕಿಚ್ಚಿನಲ್ಲಿ ದೇವರಿಗೂ ಒಂದು ಪಾಲಿತ್ತು. ದಿನವೂ ಬೇಡುವವಳು ನಾನು, ಅವನು ಕೊಟ್ಟದ್ದು ಅವಳಿಗೆ!

ಕೆಲವು ವರ್ಷಗಳಾದ ಮೇಲೆ ಅವಳ ಗಂಡನಿಗೆ ಮೆಲ್ಬರ್ನ್‌ನಲ್ಲಿ, ಟ್ರುಗನಿನಾ ಹತ್ತಿರದ ಒಂದು ಗೋದಾಮಿನ ಆಫೀಸಿನಲ್ಲಿ ಕಾಯಂ ಕೆಲಸವಾಯಿತು. ಹೊರಡುವ ಮುಂಚೆ ಕುಂಕುಮ ತೆಗೆದುಕೊಳ್ಳಲು ಬಂದಳು. ತಟ್ಟೆ ಹಿಡಿದುಕೊಂಡೇ ನಾನು ಕೇಳಿಬಿಟ್ಟೆ.

"ಇಡೀ ಸಿಡ್ನೀನ ಕೇಳ್ದೆ ನೀನು. ಎದುರು ಬಾಗಿಲು ನಂದು. ನನ್ನ ಮಾತ್ರ ಒಂದು ಲೋಟ ಸಕ್ಕರೆ ಕೂಡ ಕೇಳ್ಲಿಲ್ಲ. ನಾನೇನು ಕೊಡ್ತಿರಲಿಲ್ವಾ?"

"ಕೊಡ್ತಿದ್ರಿ. ಅದೇ ಅಲ್ವಾ ತೊಂದರೆ."

"ಅಂದ್ರೆ?"

"ನಿಮಗೆ ಇಲ್ಲ ಅನ್ಲಿಕ್ಕೆ ಬರುವುದಿಲ್ಲ ಅಕ್ಕಾ. ಮನಸ್ಸು ಇಲ್ಲದಿದ್ರೂ ಕೊಡ್ತೀರಿ, ಮತ್ತೆ ದೇವರ ಮುಂದೆ ಕೂತು ಕುದೀತೀರಿ. ನನಗೆ ಕಾಣುವುದಿಲ್ವಾ? ಇಲ್ಲ ಅನ್ಲಿಕ್ಕೆ ಬರುವವರ ಹತ್ರ ಮಾತ್ರ ನಾನು ಕೇಳುವುದು. ಅವರು ಕೊಟ್ಟದ್ದು ಹೊರ್ಲಿಕ್ಕೆ ಭಾರ ಆಗುವುದಿಲ್ಲ."

ನನಗೆ ಸಿಟ್ಟು ಬಂತು, ಅವಳು ತಪ್ಪು ಹೇಳಿದ್ದಕ್ಕಲ್ಲ.

ಅವಳು ಹೋದಮೇಲಿನ ಶುಕ್ರವಾರ ಬಾಗಿಲು ತೆರೆದು ನೋಡಿದೆ. ಬರೀ ಹಿಡಿ. ಇನ್ನು ಪೂಜೆಯವರು ನನ್ನ ಹತ್ತಿರ ವಾಪಸ್ ಬರುತ್ತಾರೆ ಎಂದು ಕಾದೆ. ಸಿಡ್ನಿಯ ಗಿರಾಕಿಗಳನ್ನೆಲ್ಲ ಅವಳು ಒಬ್ಬ ತಮಿಳು ಹುಡುಗಿಗೆ ಬಿಟ್ಟುಕೊಟ್ಟು ಹೋಗಿದ್ದಳು. ಆ ಹುಡುಗಿ ಬಂದು ಕೇಳಿದಳಂತೆ.

ಆದರೆ ಅವಳ ಆ ಮಾತು ನನ್ನನ್ನು ಬಿಡಲಿಲ್ಲ. ಡಾಕ್ಟರ್ ಆಂಟಿ ಒಮ್ಮೆ ದೇವಸ್ಥಾನದ ಊಟಕ್ಕೆ ಇಡೀ ಪುಳಿಯೋಗರೆಯ ಗೊಜ್ಜು ನೀನೇ ಮಾಡಿಕೊಡಮ್ಮ ಎಂದಾಗ, "ಈ ಸಲ ಆಗಲ್ಲ ಆಂಟಿ" ಎಂದೆ. ಅಂದು, ಮನೆಗೆ ಬಂದು, ಬೈದು ಫೋನ್ ಮಾಡುತ್ತಾರೇನೋ ಎಂದು ಫೋನಿನ ಪಕ್ಕದಲ್ಲೇ ಕೂತೆ. ಏನೂ ಆಗಲಿಲ್ಲ. ಗೊಜ್ಜು ಬೇರೆಯವರು ಮಾಡಿದರು, ಉಪ್ಪು ಸ್ವಲ್ಪ ಹೆಚ್ಚಾಗಿತ್ತು. ಅದನ್ನೂ ದೇವರು ಕೊಟ್ಟ ಒಂದು ಭಾಗ್ಯವೆಂದು ಎಣಿಸಿಕೊಂಡೆ.

ಅವಳ ಮಗಳ ಫೋನ್ ಬಂದ ಮೇಲೆ ನಾನೂ ಯಜಮಾನರೂ ಮೆಲ್ಬರ್ನಿಗೆ ಹೋದೆವು. ಟ್ರುಗನಿನಾದಲ್ಲಿ ಎಲ್ಲ ಹೊಸ ಮನೆಗಳು, ಬೀದಿಯಲ್ಲಿ ಇನ್ನೂ ಮರವೇ ಬೆಳೆದಿಲ್ಲ, ಆಚೆಗೆ ಗೋದಾಮುಗಳ ಸಾಲು. ಅವಳ ಮನೆಯ ಗ್ಯಾರೇಜಿಗೆ ಈಗ ಅವಳದೇ ತಂಪು ಕೋಣೆ, ಹೊರಗೆ ಹೂವಿನ ಚಿತ್ರ ಬರೆದ ವ್ಯಾನು. ನೋಡಿದ ಕೂಡಲೇ ಹಳೆಯ ಉರಿ ಹೊಟ್ಟೆಯಲ್ಲಿ ಎದ್ದು ಕೂತಿತು. ಇನ್ನೂ ಹೋಗಿಲ್ಲವಲ್ಲೇ ನೀನು ಎಂದು ಅದನ್ನೇ ಬೈದುಕೊಂಡೆ. ಒಳಗೆ ಹೋದರೆ ಅವಳು ಸೋಫಾದಲ್ಲಿ ಕೂತಿದ್ದಳು. ಕೈ ಎರಡೂ ಮಡಿಲಲ್ಲಿ. ಬೆರಳುಗಳು ಹಸಿಶುಂಠಿಯ ಹಾಗೆ ಗಂಟುಗಂಟಾಗಿದ್ದವು.

ಅಂದು ಶುಕ್ರವಾರ. ಮಾತಿಗೆ ಕೂತು ಸ್ವಲ್ಪ ಹೊತ್ತಾಗಿತ್ತು.

"ಅಕ್ಕಾ, ಒಂದು ಕೇಳ್ಲಾ?" ಎಂದಳು.

ನಾನು ಲೋಟ ಕೆಳಗಿಟ್ಟೆ.

"ಮಗಳೂ ಹುಡುಗಿಯರೂ ಮದುವೆ ಮನೆಗೆ ಹಾರ ತಗೊಂಡು ಹೋಗಿದ್ದಾರೆ. ಇವತ್ತಿನ ದೇವರ ಹೂ ನೀವು ಕಟ್ಟಿಕೊಡ್ತೀರಾ?"

"ಆಗಲ್ಲ" ಎಂದೆ.

ಯಜಮಾನರು ಕಾಫಿ ಲೋಟ ಹಿಡಿದುಕೊಂಡು ಗಾಬರಿಯಿಂದ ನನ್ನ ಕಡೆ ತಿರುಗಿದರು. ಅವಳು ನನ್ನ ಮುಖ ನೋಡಿ ನಗಲು ಶುರುಮಾಡಿದಳು, ಆ ಬೆರಳುಗಳಿಂದ ಕಣ್ಣು ಒರೆಸಿಕೊಳ್ಳಲು ಆಗದೆ ಮುಂಗೈಯಿಂದ ಒರೆಸಿಕೊಳ್ಳುವಷ್ಟು ನಕ್ಕಳು.

"ಅಬ್ಬಾ! ಬಂತಾ ಕೊನೆಗೆ?"

"ಬಂತು. ಎಲ್ಲಿ, ಬುಟ್ಟಿ ಎಲ್ಲಿದೆ ಹೇಳು."

ಬಾಳೆನಾರು ನೀರಿನಲ್ಲಿ ನೆನೆದಿತ್ತು. ಅದರಲ್ಲಿ ನಾನು ಕಟ್ಟಿದ್ದು ಅದೇ ಮೊದಲು. ಅವಳು ಪಕ್ಕದಲ್ಲಿ ಕೂತು, "ಸ್ವಲ್ಪ ಎಳೀರಿ, ಹಾಂ, ಅಷ್ಟಲ್ಲ, ಕುತ್ತಿಗೆ ಕುಯ್ತದೆ" ಎನ್ನುತ್ತಲೇ ಇದ್ದಳು. ದೇವರಿಗೆ ಹಾಕಿ ಬಂದೆ. ಒಂದು ತುಂಡು ಉಳಿದಿತ್ತು.

"ಅದು ನೀವು ಮುಡ್ಕೊಳ್ಳಿ ಅಕ್ಕಾ. ಪ್ಯಾರಮಟ್ಟಾದಲ್ಲಿಯೂ ದೇವರಿಗೆ ಹಾಕದೆ ನೀವೇ ಮುಡೀತಿದ್ದದ್ದಲ್ವಾ?"

ನನ್ನ ಕೈ ಅಲ್ಲಿಯೇ ನಿಂತಿತು. "ಗೊತ್ತಿತ್ತಾ ನಿಂಗೆ?"

"ಎದುರು ಬಾಗಿಲು ನಂದು. ನಿಮ್ಮ ತಲೆ ನನಗೆ ಕಾಣ್ತಿರ್ಲಿಲ್ವಾ? ನಾನು ಅದನ್ನು ನಿಮಗೇ ಅಂತ ಕಟ್ತಿದ್ದದ್ದು. ದೇವರಿಗೆ ದೇವಸ್ಥಾನದಲ್ಲಿ ಆಗ್ತಿತ್ತಲ್ಲ."

ನಾನು ಕಟ್ಟಿದ ತುಂಡನ್ನು ನಾನೇ ಮುಡಿದುಕೊಂಡೆ. ಸಂಜೆ ವಿಮಾನ ನಿಲ್ದಾಣಕ್ಕೆ ಬರುವಷ್ಟರಲ್ಲಿ ಹೂ ಉದುರಿ ಭುಜದ ಮೇಲೆಲ್ಲ ಬಿದ್ದಿತ್ತು. ಅವಳು ಕಟ್ಟಿದ್ದರೆ ಉದುರುತ್ತಿರಲಿಲ್ಲ.